ಪೆಟ್ಟಿಗೆಯಲ್ಲಿ ಹಣ್ಣಿಗೆ ಇಟ್ಟ ಹನ್ನೆರಡು ಮಾವು

ಯಲ್ದೂರು

ನಾನು ಆ ದೇಶಕ್ಕೆ ಹೋದದ್ದು ನಿಮ್ಮ ರತ್ನತ್ತೆಗೆ ಜಡೆ ಹಾಕುವುದಕ್ಕೆ. ಯಾರಿಗೆ ಹೇಳಿದರೂ ನಗುತ್ತಾರೆ. ಪಕ್ಕದ ಮನೆ ಮುನಿಯಮ್ಮ ಅಂತೂ ಬಾಗಿಲಲ್ಲೇ ನಿಂತು, "ಜಡ ಏಸೇದಾನ್ಕಿ ಅಂತ ದೂರಮಾ ಅಕ್ಕಾ!" ಎಂದು ತೆಲುಗಿನಲ್ಲಿ ನಕ್ಕಳು. ಜಡೆ ಹಾಕೋಕೆ ಅಷ್ಟು ದೂರವೇ ಅಂತ. ಆದರೆ ನಿಜ ಅಷ್ಟೇ.

ತನು, ಹರ್ಷ, ನೀವಿಬ್ಬರೂ ಎಷ್ಟು ಸಲ ಕೇಳಿದಿರಿ, ಅಜ್ಜಿ ಅಲ್ಲಿ ಏನು ನೋಡಿದೆ ಅಂತ. ಪ್ರತಿ ಸಲವೂ "ಏನಿಲ್ಲ, ಚಳಿ" ಎಂದು ಹೇಳಿ ಅಡುಗೆಮನೆಗೆ ಹೋದೆ. ಬಾಯಲ್ಲಿ ಹೇಳುವುದು ನನಗೆ ಮೊದಲಿಂದಲೂ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಪಾಠ ಒಪ್ಪಿಸು ಅಂದರೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದೆ, ಸ್ಲೇಟು ಕೊಟ್ಟರೆ ಪೂರ್ತಿ ಬರೆದು ಕೊಡುತ್ತಿದ್ದೆ. ಅದಕ್ಕೇ ಹರ್ಷನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ರತ್ನತ್ತೆ ಮುಳಬಾಗಿಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ಮೂವತ್ತು ದಾಟಿದ ಮೇಲೆ, ಸ್ಕಾಟ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಸಿಕ್ಕಿ, ಪಿಎಚ್‌ಡಿ ಮಾಡಲು ಹೋದಳು. ಆ ವಿದ್ಯಾರ್ಥಿವೇತನಕ್ಕೆ ಒಂದು ನಿಯಮವಿದೆ. ನಾಲ್ಕು ವರ್ಷದ ಓದಿನಲ್ಲಿ ಮೂರು ತಿಂಗಳು ತಮ್ಮ ಪ್ರಯೋಗಾಲಯ ಬಿಟ್ಟು, ಹೊರಗಿನ ಯಾವುದಾದರೂ ಕಂಪನಿಯಲ್ಲೋ ಕಚೇರಿಯಲ್ಲೋ ಕೆಲಸ ಮಾಡಿ ಬರಬೇಕು. ಪದವಿ ಕೈಗೆ ಬಂದ ಮೇಲೆ ಮುಂದೇನು ಎಂದು ಪೆಚ್ಚಾಗಿ ನಿಲ್ಲಬಾರದಲ್ಲ, ಅದಕ್ಕೆ. ಇವಳಿಗೆ ಕಡಲ ದಂಡೆಯ ಒಂದು ಸಣ್ಣ ಕಂಪನಿ ಸಿಕ್ಕಿತ್ತು. ಮೂರು ತಿಂಗಳು ಮುಗಿದ ಮೇಲೆ ಅವರು ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವವರಿದ್ದರು. ಇವಳೂ ಸಂದರ್ಶನಕ್ಕೆ ಕೂರಬಹುದಿತ್ತು.

ಅಷ್ಟರಲ್ಲಿ ಡಿಸೆಂಬರಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಒಂದು ಸಲ ಕೂಡಿಸಿದ್ದು ಸರಿಹೋಗದೆ ಮತ್ತೆ ಆಪರೇಷನ್ ಆಯಿತು. ಕಂಪನಿಯವರು, ಒಂದೇ ಕೈಯಲ್ಲಿ ಆಗುವ ಕೆಲಸ ಕೊಡುತ್ತೇವೆ ಬಾ ಎಂದರು. ಆದರೆ ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚಲು ಆಗದು, ಸೊಂಟದ ತನಕ ಇರುವ ಕೂದಲನ್ನು ಬಾಚಲು ಆಗದು.

"ಕೂದಲು ಕತ್ತರಿಸ್ಕೊಂಬಿಡೇ" ಎಂದ ನಿಮ್ಮಪ್ಪ ಫೋನಿನಲ್ಲಿ.

"ನಿನ್ ಮೀಸೆ ಕತ್ತರಿಸ್ಕೊಳ್ಳೋ ಮೊದ್ಲು" ಎಂದವಳು ಹಾಗೇ ಅತ್ತುಬಿಟ್ಟಳು. "ಇದು ತಪ್ಪಿಹೋದ್ರೆ ಮತ್ತೆ ಸಿಗಲ್ಲ ಕಣೋ ರಮೇಶ."

ನಾನು ಪಕ್ಕದಲ್ಲೇ ರಾಗಿ ಕೇರುತ್ತಿದ್ದೆ. "ನಾನು ಬರ್ತೀನಿ ಅಂತ ಹೇಳು" ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ.

ನಡುವಿನ ವಿಮಾನ ನಿಲ್ದಾಣ

ಭಾಷೆ ಬಾರದವರಿಗೆ ಗಾಲಿಕುರ್ಚಿ ಬರೆಸಿದರೆ ಅವರೇ ಕೈಹಿಡಿದು ಒಂದು ವಿಮಾನದಿಂದ ಇನ್ನೊಂದಕ್ಕೆ ಹತ್ತಿಸುತ್ತಾರೆ ಅಂತ ಯಾರೋ ನಿಮ್ಮಪ್ಪನಿಗೆ ಹೇಳಿದ್ದರು. ಬರೆಸಿಬಿಟ್ಟ. ಮಂಡಿನೋವು ಕೂಡ ಇಲ್ಲದ ನಾನು ಅರಬರ ದೇಶದ ಆ ದೊಡ್ಡ ನಿಲ್ದಾಣದಲ್ಲಿ ಕುರ್ಚಿಯ ಮೇಲೆ ಕೂತು ಹೋಗುವುದು ಅಂದರೆ! ತಳ್ಳುತ್ತಿದ್ದ ಹೆಂಗಸು ನನಗಿಂತ ಸಣಕಲು. ನಾಚಿಕೆಯಿಂದ ಸೆರಗು ಮುಖದ ತನಕ ಎಳೆದುಕೊಂಡೆ.

ಒಂದು ಕಡೆ ಇಳಿಜಾರು ಮುಗಿದು ಏರು ಬಂತು. ಅವಳಿಗೆ ಉಸಿರು ಹತ್ತಿತು. ನನಗೆ ತಡೆಯಲಾಗಲಿಲ್ಲ. ಎದ್ದು, ಕುರ್ಚಿಯ ಹಿಂದೆ ಬಂದು, ಅವಳ ಜೊತೆ ನಾನೂ ತಳ್ಳತೊಡಗಿದೆ. ಅವಳು ಕೈ ತಲೆಯ ಮೇಲೆ ಇಟ್ಟುಕೊಂಡಳು. ಸುತ್ತ ಇದ್ದವರೆಲ್ಲ ನಿಂತು ನೋಡಿದರು. ಅವಳು ಏನೇನೋ ಹೇಳಿ ನನ್ನನ್ನು ಮತ್ತೆ ಕೂರಿಸಿ ಬೆಲ್ಟು ಬಿಗಿದಳು. ಆಮೇಲೆ ವಿಮಾನದ ಬಾಗಿಲ ತನಕ ಇಬ್ಬರೂ ನಗುತ್ತಲೇ ಹೋದೆವು. ಮುಂದಿನ ಎಷ್ಟೋ ವಾರ ನಾನು ಅಷ್ಟು ನಗಲಿಲ್ಲ.

ಕಲ್ಲಿನ ಊರು

ರತ್ನ ಇದ್ದ ಊರಿನ ಹೆಸರನ್ನು ನಾನು ಹೇಳಿದರೆ ಅವಳು ನಗುತ್ತಾಳೆ, ಆದ್ದರಿಂದ ಬರೆಯುವುದಿಲ್ಲ. ಇಡೀ ಊರು ಬೂದು ಕಲ್ಲಿನದು. ಮನೆ ಕಲ್ಲು, ರಸ್ತೆ ಕಲ್ಲು, ಆಕಾಶವೂ ಅದೇ ಬಣ್ಣ. ವಿಗ್ರಹ ಕೆತ್ತುವ ನಮ್ಮ ಶಿವಾರಪಟ್ಟಣಕ್ಕೆ ಹೋದರೆ ಕಲ್ಲು ಕಾಣುವ ಮೊದಲೇ ಉಳಿಯ ಸದ್ದು ಕೇಳುತ್ತದೆ, ಬೀದಿ ತುಂಬ ಪುಡಿ, ಮಾತು, ಬೈಗುಳ. ಇಲ್ಲಿ ಅಷ್ಟೊಂದು ಕಲ್ಲಿದ್ದರೂ ಒಂದು ಸದ್ದಿಲ್ಲ.

ಬೆಳಿಗ್ಗೆ ಆರಕ್ಕೆ ಎದ್ದು ರತ್ನನಿಗೆ ತಲೆ ಬಾಚುತ್ತಿದ್ದೆ. ಅವಳು ನೆಲದ ಮೇಲೆ, ನಾನು ಮಂಚದ ಅಂಚಿನಲ್ಲಿ. ಚಿಕ್ಕವಳಿದ್ದಾಗ ಹೇಗೆ ಕೂರುತ್ತಿದ್ದಳೋ ಹಾಗೆಯೇ. ಕೂದಲಲ್ಲಿ ಎರಡು ಬಿಳಿ ಎಳೆ ಕಂಡವು. ನಾನು ಹೇಳಲಿಲ್ಲ. ಏಳೂವರೆಗೆ ಅವಳು ಹೊರಟರೆ ಸಂಜೆ ಆರಕ್ಕೆ ಬರುವುದು. ಐದಕ್ಕೇ ಕತ್ತಲು.

ನಡುವೆ ನಾನು ಮತ್ತು ಕಿಟಕಿ. ಹನ್ನೊಂದಕ್ಕೆ ಒಬ್ಬ ಮುದುಕ ಕಂದು ನಾಯಿಯನ್ನು ನಡೆಸಿಕೊಂಡು ಹೋಗುತ್ತಿದ್ದ. ಮಧ್ಯಾಹ್ನ ಅಂಚೆಯವನು. ಇಬ್ಬರು ಬಂದುಹೋದರೆ ದಿನದ ಜನ ಮುಗಿದಂತೆ. ಒಂದು ದಿನ ನಾಯಿಯವನು ಬರಲಿಲ್ಲ. ಅವನ ಹೆಸರೂ ಗೊತ್ತಿಲ್ಲದ ನಾನು ಮಧ್ಯಾಹ್ನ ಊಟ ಮಾಡಲಿಲ್ಲ. ಮರುದಿನ ಕಂಡಾಗ ಕಿಟಕಿಯ ಒಳಗಿಂದಲೇ ಕೈ ಮುಗಿದೆ, ಅವನು ನೋಡಲಿಲ್ಲ.

ಕೆಳಮನೆಯಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಒಬ್ಬಳೇ ಇದ್ದಳು. ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಏನೋ ಹೇಳುತ್ತಿದ್ದಳು, ನಾನು "ಯೆಸ್" ಅನ್ನುತ್ತಿದ್ದೆ. ಅವಳು ಮಳೆ ಅಂದಳೋ ಬಿಸಿಲು ಅಂದಳೋ, ಎಲ್ಲದಕ್ಕೂ ಯೆಸ್. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಒಳಗೆ ಬಂದು ಒಲೆ ಮುಂದೆ ಕೂತು ಗಂಡ ಇದ್ದಾನೋ ಇಲ್ಲವೋ, ಸೊಸೆ ಮಾತಾಡುತ್ತಾಳೋ ಬಿಟ್ಟಳೋ ಎಲ್ಲ ಹೇಳಿಕೊಂಡಿರುತ್ತಿದ್ದಳು. ಅಲ್ಲಿಯವರು ಬಾಗಿಲು ತಟ್ಟುವುದಿಲ್ಲ. ಹೇಳುವುದಿದ್ದರೆ ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತಳ್ಳುತ್ತಾರೆ. ಅದನ್ನು ಕಂಡು ನನಗೆ ಸಮಾಧಾನವೇ ಆಯಿತು. ಬಾಯಿ ಬಿಡಲು ನಾಚುವವರು ಅಲ್ಲಿಯೂ ಇದ್ದಾರೆ ಅಂತ.

ಬಸ್ಸಿನಲ್ಲಿ ಒಂದು ಪದ್ಧತಿ ಕಂಡೆ. ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ ಹಾಗೆ ಹೇಳಿದರೆ ಕಂಡಕ್ಟರು, "ಇಳಿಯಮ್ಮ ಬೇಗ, ಆಮೇಲ್ ಹೇಳುವಂತೆ" ಅಂದಾನು. ಮೂರನೆಯ ವಾರ ನಾನೂ ಹೇಳಿದೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಡ್ರೈವರು ಕನ್ನಡಿಯಲ್ಲಿ ನೋಡಿ ತಲೆಯಾಡಿಸಿದ. ಅವತ್ತಿಡೀ ದಿನ ಅದೇ ಖುಷಿ.

ಆದರೆ ರತ್ನ ಸಂಜೆ ಬಂದರೆ ಮಾತಿಲ್ಲ. ದಣಿದಿರುತ್ತಾಳೆ. "ಏನ್ ಕೆಲಸ ಮಾಡ್ತೀಯೇ ಅಲ್ಲಿ?" ಎಂದು ಕೇಳಿದರೆ, "ಬಿಡಮ್ಮ, ನಿಂಗೆ ಅರ್ಥ ಆಗಲ್ಲ" ಅನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ತಟ್ಟೆಯಲ್ಲಿ ಅನ್ನ ಸಾಕು ಎನ್ನುವ ಹಾಗೆ. ಮುಳಬಾಗಿಲಿನಲ್ಲಿದ್ದಾಗಲೂ ಹಾಗೆಯೇ ಅನ್ನುತ್ತಿದ್ದಳು. ಆಗ ಮನೆ ತುಂಬ ಜನ, ಅದು ನನಗೆ ತಾಗಿರಲಿಲ್ಲ.

ಭಾನುವಾರದ ಚೀಟಿಗಳು

ಸಂದರ್ಶನಕ್ಕೆ ತಯಾರಿ ಮಾಡಿಸಲು ವಿಶ್ವವಿದ್ಯಾಲಯದಲ್ಲೇ ಒಂದು ಕಚೇರಿ ಇದೆಯಂತೆ. ಅಲ್ಲಿಯವರು ಎಂಟು ಪ್ರಶ್ನೆ ಕೊಟ್ಟು, ಮನೆಯಲ್ಲಿ ಯಾರಾದರೂ ಕೇಳುತ್ತಿರಲಿ, ನೀನು ಬಾಯಿಬಿಟ್ಟು ಉತ್ತರ ಹೇಳುತ್ತಿರು ಎಂದಿದ್ದರು. ಮನೆಯಲ್ಲಿ ಯಾರಿದ್ದಾರೆ? ನಾನು.

ಅವಳಿಗೆ ಬರೆಯಲು ಕೈ ಇಲ್ಲ. ಒಂದು ಭಾನುವಾರ ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು, ನಾನು ಕೇಳಿದ ಹಾಗೆ ಕನ್ನಡದ ಅಕ್ಷರದಲ್ಲಿ ಬರೆದುಕೊಂಡೆ. ಕ್ಯಾಲೆಂಡರಿನ ಹಳೆ ಹಾಳೆ ಕತ್ತರಿಸಿ ಎಂಟು ಚೀಟಿ. "ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್." "ವೈ ಡು ಯು ವಾಂಟ್ ದಿಸ್ ಜಾಬ್." ಹೀಗೆ.

"ಇದರ ಅರ್ಥ ಏನೇ?" ಎಂದೆ.

"ಅರ್ಥ ಬೇಡಮ್ಮ, ಓದು ಸಾಕು. ಗಟ್ಟಿಯಾಗಿ. ನೀನು ದೊಡ್ಡ ಆಫೀಸರು ಈಗ."

"ಆಫೀಸರು ಜಡೆ ಹಾಕ್ತಾರೇನೇ?"

"ಈ ಆಫೀಸರು ಹಾಕ್ತಾರೆ. ಎಳೀಬೇಡಮ್ಮ, ನೋಯತ್ತೆ!"

ದಿನಾ ಬೆಳಿಗ್ಗೆ ಹೀಗೆ. ನಾನು ಕೂದಲು ಮೂರು ಪಾಲು ಮಾಡುತ್ತ ಮಂಚದ ಮೇಲೆ ಇಟ್ಟುಕೊಂಡ ಚೀಟಿ ಓದುತ್ತಿದ್ದೆ. ಅವಳು ಗೋಡೆ ನೋಡುತ್ತ ಉತ್ತರ ಹೇಳುತ್ತಿದ್ದಳು. ಭಾಷೆ ತಿಳಿಯದಿದ್ದರೂ ನನಗೆ ಒಂದು ತಿಳಿಯುತ್ತಿತ್ತು. ನಾಲ್ಕು ಚೀಟಿಯ ತನಕ ಅವಳು ಸರಿಯಾಗಿ ಹೇಳುತ್ತಾಳೆ. ಐದನೆಯದಕ್ಕೆ ಮಾತ್ರ ಕತ್ತು ಬಿಗಿಯಾಗುತ್ತದೆ. ಕೈಯಲ್ಲಿ ಜಡೆ ಹಿಡಿದವಳಿಗೆ ಅದು ಮೊದಲು ಗೊತ್ತಾಗುತ್ತದೆ.

ಒಂದು ದಿನ ಅವಳೇ ಹೇಳಿದಳು. "ಏನೋ ಒಂದು ಕೆಟ್ಟುಹೋದ ಸಂಗತಿ ಹೇಳಿ, ಆಗ ನೀವೇನು ಮಾಡಿದ್ರಿ ಅಂತ ಕೇಳ್ತಾರಮ್ಮ. ನನಗೆ ಏನೂ ಹೊಳೆಯಲ್ಲ. ಮಿಷನ್ ಕೆಟ್ಟಿತ್ತು ಅಂತ ಏನೋ ಹೇಳ್ತೀನಿ. ಅವರು ಮುಖ ನೋಡಿದ್ರೇ ಗೊತ್ತಾಗತ್ತೆ, ಸುಳ್ಳು ಅಂತ."

"ಕೆಟ್ಟದ್ದನ್ನ ಯಾರಾದ್ರೂ ಹೇಳ್ಕೋತಾರೇನೇ?"

"ಅದೇ ನೋಡು. ನಮ್ಮಲ್ಲಿ ಮುಚ್ಚಿಡೋದು ಕಲಿಸ್ತಾರೆ, ಇಲ್ಲಿ ಬಿಚ್ಚಿಡು ಅಂತಾರೆ."

ಮಾರ್ಚಿನ ಒಂದು ಬುಧವಾರ

ಹಿಂದಿನ ಸಂಜೆ ರತ್ನ ಒಂದು ತಟ್ಟೆ ತಂದು ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಇಟ್ಟಿದ್ದಳು. ತಲೆನೋವು ಎಂದು ಊಟ ಮಾಡಿ ಮಲಗಿದಳು, ಬೆಳಿಗ್ಗೆ ಬೇಗ ಹೋದಳು. ಪಾತ್ರೆ ತೊಳೆಯಲು ಹೋದಾಗ ನೋಡಿದೆ. ಮಾವು!

ಹನ್ನೆರಡು. ನಮ್ಮ ಬಾದಾಮಿಯಲ್ಲ, ತೋತಾಪುರಿಯಲ್ಲ, ಸೆಂದೂರವೂ ಅಲ್ಲ. ದುಂಡಗೆ, ಒಂದು ಕೆನ್ನೆ ಕೆಂಪು, ಗಟ್ಟಿ ಕಾಯಿ. ಆದರೆ ತೊಟ್ಟಿನ ಹತ್ತಿರ ಮೂಗಿಟ್ಟರೆ ಅದೇ. ನಾನು ಎಷ್ಟು ಹೊತ್ತು ಹಾಗೆ ಮೂಗಿಟ್ಟುಕೊಂಡು ನಿಂತಿದ್ದೆನೋ.

ನಿಮ್ಮ ತಾತ ಬದುಕಿದ್ದಾಗ ಶ್ರೀನಿವಾಸಪುರದಲ್ಲಿ ನಮ್ಮದೊಂದು ಸಣ್ಣ ಮಾವಿನ ಮಂಡಿ ಇತ್ತು, ನಿಮಗೆ ನೆನಪಿರಲಾರದು. ಸುಗ್ಗಿಯಲ್ಲಿ ನಾನೂ ಹೆಂಗಸರ ಜೊತೆ ಕೂತು ಕಾಯಿ ಆರಿಸುತ್ತಿದ್ದೆ. ಗಂಡಸರು ವ್ಯಾಪಾರ ಮಾತಾಡುವ ಕಡೆ ನಾನು ತಲೆ ಎತ್ತುತ್ತಿರಲಿಲ್ಲ. ಆದರೆ ಕಾಯಿಯ ವಿಷಯದಲ್ಲಿ ತಾತ ನನ್ನನ್ನೇ ಕೇಳುತ್ತಿದ್ದರು, "ಇದು ಎಷ್ಟ್ ದಿನಕ್ಕೆ ಹಣ್ಣಾಗತ್ತೆ?" ನಾನು ಬೆರಳು ಎತ್ತಿ ತೋರಿಸುತ್ತಿದ್ದೆ. ನಾಲ್ಕು ಬೆರಳು ಅಂದರೆ ನಾಲ್ಕು ದಿನ. ತಪ್ಪುತ್ತಿರಲಿಲ್ಲ.

ಇಂಥ ಕಾಯಿಯನ್ನು ಗಾಳಿಗೆ, ಚಳಿಗೆ, ಕಿಟಕಿಯಲ್ಲಿ ಇಟ್ಟರೆ ಏನಾಗುತ್ತದೆ? ತೊಟ್ಟು ಸುಕ್ಕಾಗಿ ಒಳಗೆ ಹುಳಿಯೇ ಉಳಿಯುತ್ತದೆ. ಮಗಳಿಗೆ ಪುರುಸೊತ್ತಿಲ್ಲ, ಒಂದು ಕೈ ಬೇರೆ ಇಲ್ಲ. ನನ್ನಿಂದ ಆಗುವ ಕೆಲಸ ಒಂದು ಕೊನೆಗೂ ಸಿಕ್ಕಿತು ಅನ್ನಿಸಿತು.

ಮುಟ್ಟಿದರೆ ಕೆಲವಕ್ಕೆ ಸಿಪ್ಪೆಯ ಮೇಲೆ ಏನೋ ನುಣುಪು, ಬೆರಳಿಗೆ ಸ್ವಲ್ಪ ಹಿಡಿಯುವ ಹಾಗೆ. ಸೊನೆ ಒಣಗಿದೆ ಎಂದುಕೊಂಡೆ. ತೊಟ್ಟಿನ ಸೊನೆ ಸಿಪ್ಪೆಗೆ ತಾಗಿ ಉಳಿದರೆ ಕಪ್ಪು ಕಲೆ ಬೀಳುತ್ತದೆ, ಮಂಡಿಯಲ್ಲಿ ನಾವು ಮೊದಲು ಒರೆಸುವುದೇ ಅದನ್ನು. ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಒಂದೊಂದನ್ನೇ ತೊಳೆದೆ. ಪ್ರತಿ ಕಾಯಿಗೂ ಒಂದು ಸಣ್ಣ ಬಿಳಿ ಚೀಟಿ ಅಂಟಿಸಿ ನಂಬರು ಬರೆದಿತ್ತು. ಅಂಗಡಿಯವರದು ಎಂದು ಮೆಲ್ಲಗೆ ಕಿತ್ತು, ಎಸೆಯಲು ಮನಸ್ಸಾಗದೆ ಅಡುಗೆಮನೆ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಒರೆಸಿ, ಆರಿಸಿದೆ. ಹುಲ್ಲು ಎಲ್ಲಿ ತರಲಿ? ಕೆಳಮನೆಯವಳು ಮೆಟ್ಟಿಲ ಬಳಿ ಪೇಪರು ಕಟ್ಟಿ ಹಾಕುತ್ತಿದ್ದಳು, ಅದರಲ್ಲಿ ಒಂದಷ್ಟು ತಂದೆ. ನನ್ನ ಖಾಲಿ ಪೆಟ್ಟಿಗೆಯೊಳಗೆ ಪೇಪರು ಹರಡಿ, ಕಾಯಿಗಳನ್ನು ತೊಟ್ಟು ಕೆಳಗೆ ಮಾಡಿ ಜೋಡಿಸಿ, ಮೇಲೆ ಹಳೆ ನೂಲಿನ ಸೀರೆ ಹೊದಿಸಿ ಮುಚ್ಚಿದೆ. ಮನೆ ಬಿಸಿ ಮಾಡುವ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದರ ಪಕ್ಕ ಇಟ್ಟೆ. ಅಷ್ಟು ದಿನಗಳಲ್ಲಿ ಮೊದಲ ಸಲ ಏನೋ ಹಾಡಿಕೊಳ್ಳುತ್ತ ಅಡುಗೆ ಮಾಡಿದೆ.

ಸಂಜೆ ರತ್ನ ಬಂದಳು. ಕಿಟಕಿಕಟ್ಟೆ ನೋಡಿದಳು.

"ಅಮ್ಮ, ಹಣ್ಣೆಲ್ಲಿ?"

"ಪೆಟ್ಟಿಗೇಲಿ ಹಣ್ಣಿಗೆ ಇಟ್ಟಿದೀನಿ ಕಣೇ. ನಾಲ್ಕೇ ನಾಲ್ಕು ದಿನ ತಡಿ, ಮನೆಯೆಲ್ಲ ಘಮ್ ಅನ್ನತ್ತೆ."

ಅವಳು ಪೆಟ್ಟಿಗೆ ತೆರೆದು ನೋಡಿದಳು. ಒಂದು ಕಾಯಿ ಎತ್ತಿ ಸಿಪ್ಪೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ತೊಳೆದ್ಯಾ?"

"ಹೂಂ. ಉಪ್ಪುನೀರಲ್ಲಿ. ಸೊನೆ ಇತ್ತಲ್ಲ."

"ಹನ್ನೆರಡನ್ನೂ?"

ಅವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು, ಕೋಟು ಕೂಡ ಬಿಚ್ಚದೆ. "ಅದು ಸೊನೆ ಅಲ್ಲಮ್ಮ. ಅದೇ ನನ್ ಕೆಲಸ. ಹಣ್ಣು ಬೇಗ ಕೆಡದೆ ಇರ್ಲಿ ಅಂತ ಬಳಿಯೋ ಲೇಪ. ಆರಕ್ಕೆ ಬಳಿದಿತ್ತು, ಆರಕ್ಕೆ ಇಲ್ಲ. ಮನೆಯಲ್ಲಿ ಇಟ್ರೆ ಯಾವುದು ಎಷ್ಟ್ ದಿನ ಉಳಿಯತ್ತೆ ಅಂತ ದಿನಾ ನೋಡಿ ಬರೀಬೇಕಿತ್ತು. ಈಗ ಲೇಪವೂ ಇಲ್ಲ, ನಂಬರೂ ಇಲ್ಲ."

ಚೀಟಿ ಬೀರುವಿನಲ್ಲಿವೆ ಎಂದೆ. ಯಾವುದು ಯಾವುದರದು ಎಂದು ಕೇಳಿದಳು. ಅದು ನನಗೂ ಗೊತ್ತಿರಲಿಲ್ಲ.

ಆಮೇಲೆ ಅವಳು ಅಂದಳು, ಮೆಲ್ಲಗೆ, ನನ್ನ ಕಡೆ ನೋಡದೆ. "ಯಾಕಮ್ಮ ಬಂದೆ ನೀನು?"

ಮಕ್ಕಳೇ, ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಿಮ್ಮತ್ತೆಯನ್ನು ನೀವು ತಪ್ಪು ತಿಳಿಯಬೇಡಿ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೋ ಏನೋ. ಉತ್ತರ ನನ್ನ ಬಳಿ ಇತ್ತು, ಜಡೆ ಹಾಕೋಕೆ ಅಂತ. ಆದರೆ ಆ ಹೊತ್ತಿನಲ್ಲಿ ಅದು ಬಹಳ ಚಿಕ್ಕದಾಗಿ ಕಂಡಿತು. ಊರಿಗೆ ಬಂದ ಮೇಲೂ ಒಬ್ಬಳೇ ಕೂತಾಗ ಆ ಮಾತು ನೆನಪಾಗುತ್ತದೆ.

ಗುರುವಾರ

ಬೆಳಿಗ್ಗೆ ಅವಳು ತಾನೇ ಬಂದು ಬೆನ್ನು ಕೊಟ್ಟು ಕೂತಳು. ಚೀಟಿ ಓದಲಿಲ್ಲ. ಜಡೆ ಮುಗಿಸಿ, "ನಾನೂ ಬರ್ತೀನಿ ನಿನ್ ಜೊತೆ" ಎಂದೆ.

"ಎಲ್ಲಿಗೆ?"

"ನಿಮ್ಮ ಕಂಪನಿಗೆ. ತಪ್ಪು ನಂದು ಅಂತ ನಾನೇ ಹೇಳ್ತೀನಿ."

"ಅಮ್ಮ, ಅಂಗಡಿಯವನ ಹತ್ರ ಉಪ್ಪು ಕೇಳೋಕೇ ನಾಚ್ಕೋತೀಯ ನೀನು."

"ಬಾ ಹೋಗೋಣ."

ಕಂಪನಿ ಅಂದರೆ ದೊಡ್ಡ ಕಾರ್ಖಾನೆ ಎಂದುಕೊಂಡಿದ್ದೆ. ಕಡಲಿಗೆ ಎದುರಾಗಿ ಒಂದು ತಗಡಿನ ಕಟ್ಟಡ, ಹತ್ತು ಹನ್ನೆರಡು ಜನ. ರತ್ನನ ಮೇಲಿನವಳು ಫಿಯೋನಾ ಎಂಬ ಹೆಂಗಸು, ಕೆಂಪು ಕೂದಲು, ಉದ್ದ ಬೆರಳು. ನಾನು ಬಸ್ಸಿನಲ್ಲೆಲ್ಲ ಬಾಯಿಪಾಠ ಮಾಡಿಕೊಂಡದ್ದನ್ನು ಹೇಳಿದೆ. "ಐ ವಾಷ್. ಮೈ ಮಿಸ್ಟೇಕ್. ನಾಟ್ ಡಾಟರ್." ಏಳನೆಯ ತರಗತಿಯಲ್ಲಿ ಆಗದ್ದು ಅರವತ್ತೆಂಟಕ್ಕೆ ಆಯಿತು.

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಕುರ್ಚಿ ಕೊಟ್ಟಳು. ಯಾಕೆ ತೊಳೆದಿರಿ ಎಂದು ಕೇಳಿದಳು. ರತ್ನ ಅತ್ತ ಇತ್ತ ಮಾತು ದಾಟಿಸಿದಳು. ಸೊನೆಯ ವಿಷಯ ಹೇಳಿದೆ. ಎಲ್ಲರೂ ತೊಳೆಯುತ್ತಾರಾ ಎಂದಳು. ನಮ್ಮ ಕಡೆ ತೊಳೆಯದೆ ಯಾರೂ ಒಳಗೆ ಇಡುವುದಿಲ್ಲ ಎಂದೆ. ಅವಳು ಅದನ್ನು ಬರೆದುಕೊಂಡಳು. ಆಮೇಲೆ ರತ್ನನ ಕಡೆ ತಿರುಗಿ ಒಂದು ಸಣ್ಣ ಪ್ರಶ್ನೆ ಕೇಳಿದಳು. ರತ್ನನ ಕಿವಿ ಕೆಂಪಾಯಿತು. ಅದನ್ನು ನನಗೆ ದಾಟಿಸಲಿಲ್ಲ.

ತೊಳೆದ ಹಣ್ಣು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಬೇರೆ ಹನ್ನೆರಡು ತರಿಸಿ ಲೇಪ ಬಳಿದು ಕೊಡಲು ಹತ್ತು ದಿನ ಬೇಕು ಎಂದರು. ಇಪ್ಪತ್ತು ದಿನದ ಪರೀಕ್ಷೆ ಈಗ ಮತ್ತೆ ಮೊದಲಿನಿಂದ, ಸಂದರ್ಶನದ ಹೊತ್ತಿಗೆ ಅರ್ಧವೂ ಮುಗಿದಿರುವುದಿಲ್ಲ. ಅದೇ ಕೆಲಸಕ್ಕೆ ಸಂದರ್ಶನಕ್ಕೆ ಕೂರುವ ಉಳಿದವರೆಲ್ಲ ತಮ್ಮ ತಮ್ಮ ಮನೆಯ ವರದಿ ಪೂರ್ತಿ ಇಟ್ಟುಕೊಂಡು ಬರುತ್ತಾರೆ, ಇವಳು ಅರ್ಧ ಹಿಡಿದು ಕೂರಬೇಕು. ಮರಳುವಾಗ ಬಸ್ಸಿಳಿದು ಥ್ಯಾಂಕ್ಯೂ ಹೇಳುವುದನ್ನು ಮರೆತೆ.

ಯುಗಾದಿ

ಪೆಟ್ಟಿಗೆಯ ಹಣ್ಣು ನಾಲ್ಕನೆಯ ದಿನವೇ ಹಣ್ಣಾಯಿತು. ತಿನ್ನಬಹುದು ಎಂದಿದ್ದರು. ಬೇವಿನ ಹೂವಿಲ್ಲದ ಯುಗಾದಿಗೆ ಮಾವು ಬೆಲ್ಲ ತಿಂದೆವು. ಒಳ್ಳೆಯ ಹಣ್ಣೇ, ಆದರೆ ನಮ್ಮ ಮಲ್ಲಿಕಾ ಮುಂದೆ ಸಕ್ಕರೆ ನೀರು. ಎರಡನ್ನು ಕೆಳಮನೆಯವಳ ಬಾಗಿಲಲ್ಲಿ ಇಟ್ಟು ಬಂದೆ, ತಟ್ಟಲಿಲ್ಲ. ಮರುದಿನ ನಮ್ಮ ಬಾಗಿಲ ಸಂದಿಯಲ್ಲಿ ಒಂದು ಚೀಟಿ. ರತ್ನ ಓದಿ ಹೇಳಿದಳು, ಗಂಡ ಹೋದ ಮೇಲೆ ಯಾರೂ ತನಗೆ ಹಣ್ಣು ಕೊಟ್ಟಿರಲಿಲ್ಲವಂತೆ. ಆ ಚೀಟಿ ನನ್ನ ಬಳಿ ಇದೆ. ಅವಳೂ ನಾನೂ ಒಂದೇ ಮೆಟ್ಟಿಲು ಹತ್ತಿ ಇಳಿದು ಅಷ್ಟು ದಿನ ಕಳೆದೆವು, ಅವಳಿಗೂ ಗಂಡ ಇಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ.

ಹೊಸ ಹನ್ನೆರಡು ಕಿಟಕಿಕಟ್ಟೆಯ ಮೇಲೆ ಇದ್ದವು. ಈಗ ದಿನಾ ಬೆಳಿಗ್ಗೆ ರತ್ನ ನನ್ನನ್ನು ಕರೆದು, ಮುಟ್ಟದೆ ನೋಡಿ ಹೇಳು, ಯಾವುದು ಬಾಡಿದೆ ಎಂದು ಕೇಳುತ್ತಿದ್ದಳು. ಒಂದು ಸಲ ಹೇಳಿದ್ದು ಸರಿಯಾಯಿತು, ಎರಡು ಸಲ ತಪ್ಪಾಯಿತು. ಲೇಪ ಬಳಿದ ಹಣ್ಣು ನನ್ನ ಬೆರಳ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅದು ನನಗೆ ಸ್ವಲ್ಪ ಅವಮಾನ, ಅವಳಿಗೆ ಸಂತೋಷ.

ಸಂದರ್ಶನಕ್ಕೆ ಎರಡು ದಿನ ಇತ್ತು. ತಲೆ ಬಾಚುತ್ತ ಮತ್ತೆ ಚೀಟಿ ಓದತೊಡಗಿದೆ. ಐದನೆಯದು ಬಂತು. "ಟೆಲ್ ಅಸ್ ಅಬೌಟ್ ಎ ಟೈಮ್ ವೆನ್ ಸಮ್‌ಥಿಂಗ್ ವೆಂಟ್ ರಾಂಗ್."

ಅವಳು ಈ ಸಲ ಕನ್ನಡದಲ್ಲಿ ಹೇಳಿದಳು, ಗೋಡೆಗೆ ಹೇಳುವ ಹಾಗೆ.

"ಹನ್ನೆರಡು ಹಣ್ಣು ಹಾಳಾಯ್ತು. ಅಮ್ಮ ಹಾಳು ಮಾಡಿದ್ಲು ಅಂತ ನಾನು ಅಂದ್ಕೊಂಡೆ. ಫಿಯೋನಾ ಒಂದೇ ಮಾತು ಕೇಳಿದ್ಲು. ಅದೇನು ಹಣ್ಣು ಅಂತ ನಿಮ್ಮಮ್ಮನಿಗೆ ಹೇಳಿದ್ಯಾ? ಅಂತ."

ನನ್ನ ಕೈ ನಿಂತಿತು.

"ಹೇಳಿರ್ಲಿಲ್ಲ. ಹೇಳಿದ್ರೂ ಅರ್ಥ ಆಗಲ್ಲ ಅಂದ್ಕೊಂಡಿದ್ದೆ. ಆ ಮನೇಲಿ ಮಾವಿನ ವಿಷಯ ನನಗಿಂತ ಗೊತ್ತಿದ್ದೋಳು ಅವಳೊಬ್ಳೇ. ನಾಲ್ಕು ಮಾತು ಹೇಳಿಟ್ಟಿದ್ರೆ ಕಾವಲು ಕಾಯ್ತಿದ್ಲು. ತಪ್ಪು ನಂದು. ಈಗ ಯಾವ ಮನೆಗೆ ತಟ್ಟೆ ಕಳಿಸಿದ್ರೂ ಮೊದ್ಲು ಆ ಮನೆಯೋರ ಹತ್ರ ಕೂತು ಮಾತಾಡ್ತೀನಿ."

ಜಡೆಯ ಮೂರು ಎಳೆಯಲ್ಲಿ ಒಂದು ನನ್ನ ಕೈಯಿಂದ ಜಾರಿತು. ಏನಾದರೂ ಹೇಳಬೇಕಿತ್ತು. ನನಗೆ ಬಂದದ್ದು ಇಷ್ಟೇ. "ಆರನೇ ಪ್ರಶ್ನೆ ಓದ್ಲಾ?"

"ಓದಮ್ಮ" ಎಂದಳು. ಅವಳ ಕತ್ತು ಸಡಿಲವಾಗಿತ್ತು.

ಕಡಲ ದಂಡೆ

ಸಂದರ್ಶನದ ದಿನ ನಾನೂ ಹೋಗಿ ಹೊರಗೆ ಕಡಲಿಗೆ ಎದುರಾಗಿ ಒಂದು ಬೆಂಚಿನ ಮೇಲೆ ಕೂತೆ. ಒಳಗೆ ಬಂದು ಕೂರಲು ಕರೆದರು, ನಾಚಿಕೆಯಾಯಿತು. ಆ ದಂಡೆಯ ಮೇಲೆ ರಾಶಿ ರಾಶಿ ಕಂದು ಪಾಚಿ ಬಿದ್ದಿರುತ್ತದೆ, ಒದ್ದೆ ಚರ್ಮದ ಪಟ್ಟಿಯ ಹಾಗೆ. ಕಾಲಿಟ್ಟರೆ ಜಾರುತ್ತದೆ, ವಾಸನೆ ಬೇರೆ. ಅದನ್ನು ದಾಟಿಕೊಂಡು ದಾಟಿಕೊಂಡು ಅತ್ತಿಂದಿತ್ತ ನಡೆದೆ. ಅಷ್ಟು ದೊಡ್ಡ ನೀರನ್ನು ಆ ದೇಶಕ್ಕೆ ಹೋಗುವ ಮೊದಲು ನಾನು ನೋಡಿರಲಿಲ್ಲ. ನಮ್ಮ ಕಡೆ ಕೆರೆಯ ಏರಿಯ ಮೇಲೆ ನಿಂತರೆ ಆಚೆ ದಡದಲ್ಲಿ ಯಾರ ಹೊಲ ಎಂದು ಹೇಳಬಹುದು. ಇದರ ಆಚೆ ಯಾರೂ ಇಲ್ಲ.

ದೇವರಿಗೆ ಏನು ಕೇಳಬೇಕೋ ಗೊತ್ತಾಗಲಿಲ್ಲ. ಕೆಲಸ ಸಿಗಲಿ ಅಂದರೆ ಅವಳು ಇಲ್ಲೇ ಉಳಿಯುತ್ತಾಳೆ. ಸಿಗದಿರಲಿ ಅಂದರೆ ನಾನೆಂಥ ತಾಯಿ? ಕೊನೆಗೆ, ಐದನೆಯ ಪ್ರಶ್ನೆ ಕೇಳಲಿ ಅಂತ ಕೇಳಿಕೊಂಡೆ.

ಕೇಳಿದರಂತೆ. ರತ್ನ ಹೊರಗೆ ಬಂದವಳೇ ಹೇಳಿದಳು, ಅದನ್ನೇ ಹೇಳ್ದೆ ಅಂತ. ಅರ್ಧ ವರದಿ ಇಟ್ಟುಕೊಂಡು, ಅದು ಯಾಕೆ ಅರ್ಧ ಅಂತ. ಒಂದು ವಾರದ ಮೇಲೆ ಕಾಗದ ಬಂತು. ಪ್ರಬಂಧ ಮುಗಿಸಿ ಕೊಟ್ಟ ಮೇಲೆ ಕೆಲಸಕ್ಕೆ ಬರಬೇಕು, ಮೂರು ವರ್ಷ. ಅವಳು ನನ್ನನ್ನು ಒಂದೇ ಕೈಯಲ್ಲಿ ತಬ್ಬಿಕೊಂಡು ತಿರುಗಿಸಿದಳು. ನಾನು ನಕ್ಕೆ. ನಿಜವಾಗಿಯೂ ಸಂತೋಷವಾಗಿತ್ತು. ಆಮೇಲೆ ಅಡುಗೆಮನೆಗೆ ಹೋಗಿ ಬೀರುವಿನ ಬಾಗಿಲು ತೆರೆದೆ. ಹನ್ನೆರಡು ನಂಬರಿನ ಚೀಟಿಗಳು ಹಾಗೇ ಇದ್ದವು. ಸುಮ್ಮನೆ ಎಣಿಸಿದೆ.

ರೈಲು

ಏಪ್ರಿಲ್ ಮುಗಿಯುವ ಹೊತ್ತಿಗೆ ಅವಳ ಕೈಯ ಪಟ್ಟಿ ಬಿಚ್ಚಿದರು. ಹೊರಡುವ ದಿನ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತು ಎರಡೂ ಕೈಯಲ್ಲಿ ತಾನೇ ಜಡೆ ಹಾಕಿಕೊಂಡಿದ್ದಳು, ಸ್ವಲ್ಪ ಸೊಟ್ಟಗೆ. ನನ್ನನ್ನು ನೋಡಿದವಳು ಅದನ್ನು ಬಿಚ್ಚಿ, ಬಂದು ನೆಲದ ಮೇಲೆ ಕೂತಳು. ನಾನು ಬಾಚಣಿಗೆ ತೆಗೆದುಕೊಂಡೆ.

ವಿಮಾನ ನಿಲ್ದಾಣ ಇರುವ ಊರಿಗೆ ರೈಲಿನಲ್ಲಿ ಎರಡು ಗಂಟೆ. ದಾರಿಯುದ್ದಕ್ಕೂ ಕಡಲು ಜೊತೆಗೇ ಬರುತ್ತದೆ. ನನ್ನ ಪೆಟ್ಟಿಗೆ ಕಾಲ ಬಳಿ ಇತ್ತು, ಅದಕ್ಕೆ ಇನ್ನೂ ಮಾವಿನ ವಾಸನೆ. ಎದುರು ಕೂತಿದ್ದವರು ಮೂಗು ಅರಳಿಸಿ ನೋಡುತ್ತಿದ್ದರು.

ರತ್ನ ಕೈಚೀಲದಿಂದ ಆ ಕ್ಯಾಲೆಂಡರಿನ ಚೀಟಿಗಳನ್ನು ತೆಗೆದಳು. ಕೊನೆಯದನ್ನು ಆರಿಸಿ, ಈ ಸಲ ಅವಳೇ ಆಫೀಸರಿನ ದನಿಯಲ್ಲಿ ಓದಿದಳು. "ಡು ಯು ಹ್ಯಾವ್ ಎನಿ ಕ್ವೆಶ್ಚನ್ಸ್ ಫಾರ್ ಅಸ್?" ಆಮೇಲೆ ತನ್ನ ದನಿಯಲ್ಲಿ, "ಎಲ್ಲ ಮುಗಿದ್ಮೇಲೆ ಅವರು ನಮ್ಮನ್ನ ಕೇಳ್ತಾರಮ್ಮ, ನಿಮಗೇನಾದ್ರೂ ಕೇಳೋದಿದ್ಯಾ ಅಂತ. ಏನೂ ಇಲ್ಲ ಅನ್ಬಾರ್ದು. ಕೇಳು. ನಿಂಗೇನಾದ್ರೂ ಕೇಳೋದಿದ್ಯಾ?"

ಇತ್ತು. ಒಂದೇ. ಮೂರು ತಿಂಗಳಿಂದ ನಾಲಿಗೆಯ ತುದಿಯಲ್ಲೇ ಇತ್ತು. ಯಾವಾಗ ಬರ್ತೀಯ ಅಂತ.

ಕಿಟಕಿಯ ಕಡೆ ನೋಡಿದೆ. ಆಮೇಲೆ ಕೇಳಿದೆ. "ಆ ಲೇಪ ಇದ್ಯಲ್ಲ, ಅದನ್ನ ಯಾವುದರಿಂದ ಮಾಡ್ತಾರೆ?"

ಅವಳು ನನ್ನನ್ನೇ ನೋಡಿದಳು. ಬಿಡಮ್ಮ ಅನ್ನಲಿಲ್ಲ. "ಪಾಚಿಯಿಂದಮ್ಮ. ದಂಡೆ ಮೇಲೆ ನೀನು ದಾಟ್ಕೊಂಡ್ ದಾಟ್ಕೊಂಡ್ ಹೋಗ್ತಿದ್ಯಲ್ಲ, ಅದೇ" ಎಂದಳು.

"ಅಯ್ಯೋ, ಆ ನಾರೋದಾ?"

"ಅದೇ ನಾರೋದು!" ಎಂದು ನಕ್ಕು ಶುರು ಮಾಡಿದಳು. ಅದನ್ನು ಒಣಗಿಸಿ, ಕುದಿಸಿ ಅಂಟು ತೆಗೆಯುವುದು. ಮರದಿಂದ ಕಿತ್ತ ಮೇಲೂ ಹಣ್ಣು ಉಸಿರಾಡುವುದು. ಆ ಉಸಿರನ್ನು ಪೂರ್ತಿ ಕಟ್ಟದೆ, ಸ್ವಲ್ಪ ನಿಧಾನ ಮಾಡಿದರೆ ಹಣ್ಣು ಹೆಚ್ಚು ದಿನ ಬಾಳುವುದು. ನಡುನಡುವೆ, "ಮಂಡೀಲಿ ನೀವು ಹುಲ್ಲು ಹೊದಿಸಿದಾಗ ಏನಾಗ್ತಿತ್ತು ಗೊತ್ತಾ?" ಎಂದು ಕೇಳುವಳು, ನಾನು ಹೇಳುವ ಮೊದಲೇ ತಾನೇ ಹೇಳುವಳು. ಕೈ ಆಡಿಸುತ್ತಿದ್ದಳು, ಎರಡೂ ಕೈ. ನನಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೂ ಹೂಂ ಅಂದೆ. ರೈಲು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ, ನಾನೇ ಪೆಟ್ಟಿಗೆ ಎತ್ತಿಕೊಂಡೆ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಂದವನು ಕಾಯುತ್ತಾ ನಿಂತಿದ್ದರೂ ಅವಳು ಹೇಳುತ್ತಲೇ ಇದ್ದಳು. ನಾನು ಕುರ್ಚಿಯಲ್ಲಿ ಕೂತೆ, ಈ ಸಲ ಏಳಲಿಲ್ಲ. ಅವನು ತಳ್ಳಿಕೊಂಡು ಹೊರಟಾಗ ಹಿಂದಿನಿಂದ ಕೂಗಿದಳು, "ಉಳಿದಿದ್ದು ಫೋನಲ್ಲಿ ಹೇಳ್ತೀನಮ್ಮಾ!"

ನನ್ನ ಇನ್ನೊಂದು ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಅದನ್ನು ಕೇಳಿದ್ದರೆ ಅವಳ ಉತ್ತರ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು.